ಬುರಾಮಾ ಮೇಷ್ಟ್ರೂ ಅಲಸಂದೆಯ ಆಧಾರವೂ

ಬುರಾಮಾ ಜಾರಾ ಮೇಷ್ಟ್ರಿಗೆ ಆಧಾರದ ಹುಚ್ಚು ಹತ್ತಿದ್ದು ಮಳೆಗಾಲದ ರಜೆ ಮುಗಿದು ಶಾಲೆ ತೆರೆದ ಮೇಲೆ. ಅದಕ್ಕೆ ಮುಂಚೆ ಅವರೂ ನಮ್ಮ ನಿಮ್ಮ ಹಾಗೇ ಇದ್ದರು. ಹೆಂಡತಿ ಹೇಳಿದ್ದನ್ನು ನಂಬುತ್ತಿದ್ದರು, ನಂಬದಿದ್ದಾಗಲೂ ನಂಬಿದವರಂತೆ ತಲೆಯಾಡಿಸುತ್ತಿದ್ದರು. ಸಂಸಾರ ಅಂದರೆ ಅಷ್ಟೇ ತಾನೇ!

ಸೇಗೂ ಊರಿನ ಹೊಳೆದಂಡೆ ಕೇರಿಯ ಶಾಲೆಯಲ್ಲಿ ಚರಿತ್ರೆ ಪಾಠ ಹೇಳುವ ಮೇಷ್ಟ್ರು, ಆ ವರ್ಷ ಗುರುವಾರದ ಅರ್ಧ ರಜೆಯಲ್ಲಿ ದೊಡ್ಡ ತರಗತಿಯ ಮಕ್ಕಳನ್ನು ಕೂರಿಸಿಕೊಂಡು ಅಂತರ್ಜಾಲದ ವಿಶ್ವಕೋಶಕ್ಕೆ ತಮ್ಮ ಬಂಬಾರಾ ಭಾಷೆಯಲ್ಲಿ ಲೇಖನ ಬರೆಸಲು ಹೊರಟರು. ಉದ್ದೇಶ ಒಳ್ಳೆಯದೇ. ಆದರೆ ಮೊದಲ ವಾರ ಮಕ್ಕಳು ಹೊತ್ತು ತಂದ ಆಧಾರಗಳನ್ನು ನೋಡಿ ಅವರ ಎದೆ ಧಸಕ್ಕೆಂದಿತು. ನದಿಯ ಲೇಖನಕ್ಕೆ ಆಧಾರ: ‘ನಮ್ಮಜ್ಜಿ’. ನೀರಾನೆಯ ಲೇಖನಕ್ಕೆ ಆಧಾರ: ‘ಫೋನಿಗೆ ಬಂದ ಸಂದೇಶ’ (ಇದನ್ನು ಹತ್ತು ಜನಕ್ಕೆ ಕಳಿಸದಿದ್ದರೆ ಮನೆಯಲ್ಲಿ ಕೆಟ್ಟದ್ದಾಗುತ್ತದೆ ಅಂತ ಕೆಳಗೆ ಬರೆದಿತ್ತು). ಮೈಗೆ ಹಚ್ಚುವ ಶಿಯಾ ಬೆಣ್ಣೆಯ ಲೇಖನಕ್ಕೆ ಆಧಾರ: ಶಿಯಾ ಬೆಣ್ಣೆ ಮಾರುವವನು.

ಮೇಷ್ಟ್ರು ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ ಮೂರು ಪ್ರಶ್ನೆ ಬರೆದರು. ಹೇಳಿದವರು ಯಾರು? ಎಲ್ಲಿ ಪ್ರಕಟವಾಗಿದೆ? ಹಾಗೆ ಹೇಳಿದರೆ ಅವರಿಗೇನು ಲಾಭ? “ಈ ಮೂರಕ್ಕೆ ಉತ್ತರ ಸಿಗದೆ ಒಂದಕ್ಷರ ಬರೆದಿರೋ, ನೋಡಿ ಮತ್ತೆ! ನೆಂಟರ ಮಾತು ಬೇಡ, ಸ್ನೇಹಿತರ ಮಾತು ಬೇಡ, ದುಡ್ಡು ಇಸ್ಕೊಂಡವರ ಮಾತು ಬೇಡವೇ ಬೇಡ. ಹೊಗಳೋದ್ರಿಂದ ಯಾರಿಗೆ ಮೂರುಕಾಸಿನ ಲಾಭ ಇಲ್ವೋ ಅಂಥವರ ಮಾತು ತನ್ನಿ” ಎಂದು ಗುಡುಗಿದರು.

ಇಷ್ಟನ್ನು ಶಾಲೆಯಲ್ಲೇ ಬಿಟ್ಟು ಬಂದಿದ್ದರೆ ಯಾರ ತಕರಾರೂ ಇರಲಿಲ್ಲ. ಮೇಷ್ಟ್ರು ಅದನ್ನು ಮನೆಗೆ ತಂದರು.

“ಬೆಳಗಾಯ್ತಾ? ಸುಖವಾಗಿ ನಿದ್ದೆ ಬಂತಾ?” ಎಂದು ಹೆಂಡತಿ ಕೊರೊತುಮು ಎಂದಿನಂತೆ ಶುರು ಮಾಡಿದಳು. “ಮಕ್ಕಳೆಲ್ಲಾ ಸೌಖ್ಯ, ನಿಮ್ಮಮ್ಮನೂ ಸೌಖ್ಯ, ಪಕ್ಕದ ಮನೆಯವರೂ ಸೌಖ್ಯ.”

“ಪಕ್ಕದ ಮನೆಯವರು ಸೌಖ್ಯ ಅಂತ ಯಾರು ಹೇಳಿದ್ದು?”

“ಅವರೇ.”

“ಅವರ ಬಗ್ಗೆ ಅವರೇ ಹೇಳಿದ್ರೆ ಅದು ಆಧಾರ ಆಗಲ್ಲ ಕಣೇ.”

ಗಂಜಿಗೆ ಸಕ್ಕರೆ ಹಾಕಿದೆ ಅಂದರೂ ಆಧಾರ, ಮೀನು ತಾಜಾ ಅಂದರೂ ಆಧಾರ, ಸಂತೆಯಲ್ಲಿ ಈರುಳ್ಳಿ ತುಟ್ಟಿಯಾಗಿದೆ ಅಂದರೆ “ಮಾರುವವಳು ಹೇಳಿದ್ದಾ, ಕೊಂಡವಳು ಹೇಳಿದ್ದಾ?” ಒಂದು ದಿನ ಕೊರೊತುಮು ಸೌಟನ್ನು ಪಾತ್ರೆಗೆ ಕುಕ್ಕಿ ಎದ್ದು ನಿಂತಳು.

“ಇಲ್ಲಿ ಕೇಳಿ. ಆ ಮೂರು ಮಕ್ಕಳು ನಿಮ್ಮವೇ ಅನ್ನೋದಕ್ಕೂ ನಾನೊಬ್ಬಳೇ ಆಧಾರ. ಪ್ರಕಟ ಎಲ್ಲೂ ಆಗಿಲ್ಲ. ಇನ್ನೂ ಕೇಳಬೇಕಾ?”

ಮೇಷ್ಟ್ರು ತೆಪ್ಪಗೆ ಗಂಜಿ ಕುಡಿದರು.

ಇಲ್ಲೊಂದು ಮಾತು ಹೇಳಲೇಬೇಕು. ಕೊರೊತುಮು ತ್ರಾವೊರೆ ಮನೆತನದವಳು. ತ್ರಾವೊರೆಗಳಿಗೂ ಜಾರಾಗಳಿಗೂ ತಲೆತಲಾಂತರದಿಂದ ಗೇಲಿಯ ನೆಂಟಸ್ತಿಕೆ. ಮುಖ ಕಂಡಿರದ ತ್ರಾವೊರೆಯೊಬ್ಬ ಜಾರಾನೊಬ್ಬನನ್ನು ನಡುಬೀದಿಯಲ್ಲಿ ನಿಲ್ಲಿಸಿ, “ಏನೋ ಅಲಸಂದೆ ಬಾಕ, ನಮ್ಮ ಮನೆ ಆಳು ನೀನು, ಅಂಗಳ ಗುಡಿಸದೆ ಎಲ್ಲಿಗೆ ಹೊರಟೆ?” ಅನ್ನಬಹುದು. ಜಾರಾನೂ ಬಡ್ಡಿ ಸೇರಿಸಿ ಹಿಂತಿರುಗಿಸಬಹುದು. ಅಲಸಂದೆ ತಿಂದವನ ಹೊಟ್ಟೆಯ ವಾಯು ಅಂದರೆ ಅಲ್ಲಿ ಎಲ್ಲರಿಗೂ ನಗು. ಸಿಟ್ಟು ಬಂತೋ, ಬಂದವನೇ ಸೋತ. ಜಗಳ ಹತ್ತಿದ ಮನೆಗೆ ಬಂದು ನಗಿಸಿ ರಾಜಿ ಮಾಡಿಸುವವರೂ ಅವರೇ, ಸಾವಿನ ಮನೆಯಲ್ಲಿ ಹೆಣದ ಜೊತೆ ತಮಾಷೆ ಮಾಡಿ ಅಳುವವರನ್ನು ನಗಿಸುವವರೂ ಅವರೇ. ಮೇಷ್ಟ್ರನ್ನು ಯಾಕೆ ಮದುವೆಯಾದೆ ಅಂತ ಯಾರಾದರೂ ಕೇಳಿದರೆ ಕೊರೊತುಮುವಿನ ಉತ್ತರ ಸಿದ್ಧವಾಗಿರುತ್ತಿತ್ತು: “ಆಳನ್ನ ಮದುವೆ ಆದ್ರೆ ಸಂಬಳ ಉಳಿಯುತ್ತಲ್ಲಾ!”

ಈ ನಡುವೆ ಕೇರಿಯಲ್ಲಿ ಒಂದು ಓದುಮನೆ ಎದ್ದಿತು. ಗೋಡೆಗೆ ಬಣ್ಣವಾಯಿತು, ಬೆಂಚು ಬಂತು, ಪುಸ್ತಕವೂ ಬಂತು. ಬಾಗಿಲ ಮೇಲೆ ಯಾರ ಹೆಸರು ಬರೆಯಬೇಕು ಅನ್ನುವುದೊಂದು ಉಳಿಯಿತು. ಕೇರಿಯ ಯಜಮಾನರ ಮುಂದೆ ಎರಡು ಹೆಸರಿದ್ದವು. ಒಂದು, ಸಿಮೆಂಟ್ ವ್ಯಾಪಾರಿ ಸಿಸೊಕೊನ ಅಪ್ಪನದು. ಇನ್ನೊಂದು, ನಮ್ಮ ಮೇಷ್ಟ್ರ ಅಪ್ಪ ತಿಯೆಮೊಕೊ ಜಾರಾರದು.

ತಿಯೆಮೊಕೊ ಲಾರಿ ಓಡಿಸುತ್ತಿದ್ದವರು. ಗಡ್ಡ ನರೆಯುವ ವಯಸ್ಸಿನಲ್ಲಿ ತಾವೇ ಕಷ್ಟಪಟ್ಟು ಅಕ್ಷರ ಕಲಿತು, ಆಮೇಲೆ ಸಂಜೆ ಸಂಜೆ ಬಾಲಾಂಜಾ ಮರದ ಕೆಳಗೆ ಸಂತೆಯ ಹೆಂಗಸರನ್ನು ಕೂರಿಸಿಕೊಂಡು ಓದು ಬರಹ ಕಲಿಸಿದವರು. ಒಂದು ಕಾಸು ಮುಟ್ಟಲಿಲ್ಲ. ಆ ಹೆಸರು ಓದುಮನೆಯ ಬಾಗಿಲ ಮೇಲೆ ಕಂಡರೆ ತಮಗೆ ಇನ್ನೇನೂ ಬೇಡ ಅಂತ ಮೇಷ್ಟ್ರಿಗೆ ಅನ್ನಿಸುತ್ತಿತ್ತು. ಬಾಯಿ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಕೊರೊತುಮುಗೆ ಗೊತ್ತಿತ್ತು, ಯಾಕೆಂದರೆ ಆ ಕಟ್ಟಡದ ಮುಂದೆ ಹಾಯುವಾಗಲೆಲ್ಲ ಮೇಷ್ಟ್ರ ಮೋಟಾರ್‌ಬೈಕು ತಾನಾಗಿ ನಿಧಾನವಾಗುತ್ತಿತ್ತು.

ಯಜಮಾನರು ಹೊಸ ಕಾಲದವರಾಗಲು ಹೊರಟಿದ್ದರು. “ನನ್ನ ಮೊಮ್ಮಗಳು ಹೇಳ್ತಾಳೆ, ದೊಡ್ಡವರೆಲ್ಲಾ ಆ ವಿಶ್ವಕೋಶದಲ್ಲಿ ಇರ್ತಾರಂತೆ. ಮುಂದಿನ ಶುಕ್ರವಾರ ನಮಾಜ್ ಆದಮೇಲೆ ಇಬ್ಬರದ್ದೂ ಓದಿಸಿ ಕೇಳ್ತೀನಿ, ಆಮೇಲೆ ತೀರ್ಮಾನ” ಎಂದರು. ಸಿಸೊಕೊ ಮರುದಿನವೇ ಯಾರಿಗೋ ಹೇಳಿ ತನ್ನ ಅಪ್ಪನ ಮೇಲೆ ಉದ್ದನೆಯ ಲೇಖನ ಬರೆಸಿ ಹಾಕಿಸಿದ.

“ನೀವೂ ಬರೀರಿ” ಅಂದಳು ಕೊರೊತುಮು. “ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

“ನಾನಾ? ಮಗ ಅಪ್ಪನ ಬಗ್ಗೆ ಬರೆಯೋದಾ? ನಾಳೆ ಆ ಮಕ್ಕಳ ಮುಂದೆ ಯಾವ ಮುಖ ಇಟ್ಕೊಂಡು ನಿಲ್ಲಲಿ?”

“ಇರೋ ಮುಖಾನೇ ಇಟ್ಕೊಂಡು.”

ಆದರೆ ಮೇಷ್ಟ್ರು ನಿಷ್ಠಾವಂತರು. ಬರೆಯುವುದನ್ನು ಗುರುವಾರದ ಬಳಗದ ಮಕ್ಕಳಿಗೇ ಒಪ್ಪಿಸಿ, “ನನ್ನ ಮುಂದೆ ಆ ಹೆಸರೆತ್ತಬೇಡಿ, ನನ್ನನ್ನ ಒಂದು ಮಾತೂ ಕೇಳಬೇಡಿ. ನಾನು ಪಕ್ಷಗಾರ” ಎಂದು ಭೀಷಣ ಪ್ರತಿಜ್ಞೆ ಮಾಡಿದರು. ಬಳಗದ ಮುಂದಾಳು ಜೆನೆಬಾ ಸಾಮಾಕೆ ಅನ್ನುವ ಹುಡುಗಿ. ಮೇಷ್ಟ್ರು ಗೆರೆ ಎಳೆದರೆ ಅದರ ಮೇಲೇ ಕಾಲಿಟ್ಟು ನಡೆಯುವವಳು, ಅತ್ತಿತ್ತ ಒಂದು ಬೆರಳೂ ಜಾರಿಸುವವಳಲ್ಲ. ಹಾಗಿದ್ದರೂ ಮೇಷ್ಟ್ರ ಮನೆಗೆ ಬಂದು, “ಯಾರನ್ನ ಕೇಳಬೇಕು ಅಂತ ಆದ್ರೂ ಹೇಳಿ ಮೇಷ್ಟ್ರೇ” ಎಂದು ಬಾಗಿಲಲ್ಲಿ ನಿಂತಳು. ಮೇಷ್ಟ್ರು ಕಿವಿ ಮುಚ್ಚಿಕೊಂಡು ಬಚ್ಚಲಿಗೆ ಹೋಗಿ ಅಗುಳಿ ಹಾಕಿಕೊಂಡರು.

ಕೊರೊತುಮು ಬೆಂಡೆಕಾಯಿ ಹೆಚ್ಚುತ್ತಾ ಕೂತಿದ್ದಳು. “ಎಂಥವರು ಬೇಕಮ್ಮಾ ನಿಂಗೆ?” ಅಂದಳು.

“ಅವರಿಗೆ ನೆಂಟರಾಗಿರಬಾರದು ಅಕ್ಕಾ. ಹೊಗಳೋದ್ರಿಂದ ಲಾಭ ಇರಬಾರದು. ಮಾತು ಎಲ್ಲಾದರೂ ಪ್ರಕಟ ಆಗಿರಬೇಕು.”

“ಜಾರಾನ ಹೊಗಳಿದ್ರೆ ಲಾಭ ಇಲ್ಲದೋರು ಅಂದ್ರೆ ತ್ರಾವೊರೆಗಳೇ. ಸಿಯಾಕಾ ದೊಡ್ಡಪ್ಪನ ಹತ್ರ ಹೋಗು. ರೇಡಿಯೋದಲ್ಲಿ ವಾರವಾರ ಹಳೇ ಕಾಲದ ಮಾತು ಆಡ್ತಾರಲ್ಲ, ಅವರು” ಎಂದು ಇನ್ನೊಂದು ಬೆಂಡೆಕಾಯಿ ತೆಗೆದುಕೊಂಡಳು. ಸಿಯಾಕಾ ತ್ರಾವೊರೆ ಅವಳಿಗೆ ರಕ್ತಸಂಬಂಧದಲ್ಲಿ ಏನೂ ಅಲ್ಲ. ತ್ರಾವೊರೆ ಅಂದಮೇಲೆ ನರೆತ ತಲೆಯವರೆಲ್ಲ ದೊಡ್ಡಪ್ಪಂದಿರೇ.

ಗುರುವಾರ ಬಳಗ ಸೇರಿದಾಗ ಜೆನೆಬಾ ಕೈ ಎತ್ತಿದಳು. “ಮೇಷ್ಟ್ರೇ, ಹೆಸರು ಹೇಳಲ್ಲ. ಒಬ್ಬ ಹಿರಿಯರು ರೇಡಿಯೋದಲ್ಲಿ ಮಾತಾಡಿದಾರೆ. ಮಾತನ್ನ ರೇಡಿಯೋದವರು ಎಲ್ಲರಿಗೂ ಕೇಳಿಸೋ ಹಾಗೆ ಇಟ್ಟಿದಾರೆ. ಅವರು ಆ ವ್ಯಕ್ತಿಯನ್ನ ಕಣ್ಣಾರೆ ಕಂಡವರು. ನೆಂಟರಲ್ಲ, ದುಡ್ಡು ತಗೊಂಡಿಲ್ಲ, ಹೊಗಳೋ ಗರಜು ಚೂರೂ ಇಲ್ಲ. ಈ ಆಧಾರ ಆಗುತ್ತಾ?”

ಮೇಷ್ಟ್ರ ಕಣ್ಣು ಹೊಳೆಯಿತು. ತಾವು ನೆಟ್ಟ ಗಿಡ ಹೂ ಬಿಟ್ಟಿತಲ್ಲಾ! “ಆಗುತ್ತಾ ಅಂತ ಕೇಳ್ತೀಯಾ? ಅಪ್ಪಟ ಚಿನ್ನ ಕಣಮ್ಮಾ ಅದು! ಒಂದೇ ಮಾತು ನೆನಪಿಡು, ಆಧಾರದಲ್ಲಿ ಇದ್ದದ್ದನ್ನ ನಮಗೆ ಬೇಕಾದ ಹಾಗೆ ಕತ್ತರಿಸಬಾರದು. ಸಿಹಿ ಇಟ್ಟುಕೊಂಡು ಕಹಿ ಬಿಸಾಡಬಾರದು.”

ಮರುದಿನವೇ ಶುಕ್ರವಾರ. ಬೆಳಿಗ್ಗೆ ಬೇವಿನ ಮರದ ಕೆಳಗೆ ಚಹಾದ ಲೋಟ ಹಿಡಿದು ಮೇಷ್ಟ್ರು ಫೋನು ತೆರೆದರು. ಲೇಖನ ಬಂದಿತ್ತು. ಹೀಗಿತ್ತು:

‘ತಿಯೆಮೊಕೊ ಜಾರಾ (ಅಲಸಂದೆ ತಿಯೆಮೊಕೊ ಎಂದು ಪ್ರಸಿದ್ಧರು) ಲಾರಿ ಚಾಲಕರು ಮತ್ತು ಅಕ್ಷರ ಕಲಿಸಿದವರು. ತ್ರಾವೊರೆಗಳ ಮನೆಯ ಆಳು. ಇವರ ಲಾರಿ ಡೀಸೆಲ್ ಇಲ್ಲದೆ ಓಡುತ್ತಿತ್ತು. ಅಲಸಂದೆ ಉಂಡ ಚಾಲಕ ಒಳಗೆ ಕೂತರೆ ಸಾಕಾಗುತ್ತಿತ್ತು. ಇವರು ಸಂತೆಯ ಹೆಂಗಸರಿಗೆ ಮರದ ಕೆಳಗೆ ಓದು ಬರಹ ಕಲಿಸಿದರು. ಬಯಲಿನಲ್ಲಿ ಕಲಿಸಲು ಕಾರಣ, ಮುಚ್ಚಿದ ಕೋಣೆಯಲ್ಲಿ ಇವರ ಜೊತೆ ಕೂರುವುದು ಯಾರಿಂದಲೂ ಆಗುತ್ತಿರಲಿಲ್ಲ.’

ಪ್ರತಿ ವಾಕ್ಯದ ಕೊನೆಗೂ ಅಚ್ಚುಕಟ್ಟಾಗಿ ಆಧಾರದ ಗುರುತು: ಸಿಯಾಕಾ ತ್ರಾವೊರೆ, ರೇಡಿಯೋ ಮಾತು.

ಚಹಾ ಮೂಗಿಗೇರಿತು. ಮೇಷ್ಟ್ರು ಬೈಕನ್ನು ಹೇಗೆ ಹತ್ತಿದರೋ, ಜೆನೆಬಾಳ ಮನೆ ಮುಂದೆ ಹೇಗೆ ಇಳಿದರೋ, ಅವರಿಗೇ ಗೊತ್ತಿಲ್ಲ.

“ಏನಮ್ಮಾ ಇದು! ಆ ಮನುಷ್ಯ ಗೇಲಿ ಮಾಡಿದ್ದು ಅಂತ ನಿಂಗೆ ಗೊತ್ತಾಗಲಿಲ್ವಾ? ನೀನೇನು ಹೊರದೇಶದೋಳಾ?”

“ಗೊತ್ತಾಯ್ತು ಮೇಷ್ಟ್ರೇ. ಎಲ್ಲಿವರೆಗೆ ಗೇಲಿ, ಎಲ್ಲಿಂದ ನಿಜ ಅಂತ ಗೊತ್ತಾಗಲಿಲ್ಲ. ಎಲ್ಲಾನೂ ಒಂದೇ ದನಿಯಲ್ಲಿ ಹೇಳಿದ್ರು. ನಿಮ್ಮನ್ನ ಕೇಳೋಣ ಅಂದ್ರೆ ನೀವು ಬಚ್ಚಲಲ್ಲಿದ್ರಿ. ಕತ್ತರಿಸೋಣ ಅಂದ್ರೆ ಕತ್ತರಿಸಬಾರದು ಅಂದ್ರಿ.”

“ಈಗಲಾದ್ರೂ ತೆಗೆದುಹಾಕು!”

ಜೆನೆಬಾ ಬೆವರು ಒರೆಸಿಕೊಂಡಳು. ಪಾಪ, ಅವಳಿಗೂ ಸಂಕಟವೇ. “ಮೇಷ್ಟ್ರೇ, ತೆಗಿ ಅಂತ ಹೇಳ್ತಿರೋರು ಅವರ ಮಗ. ಮನೆಯವರು ಹೇಳಿದ್ರು ಅಂತ ತೆಗೆದ್ರೆ ಹಲಗೆ ಮೇಲೆ ಬರೆದ ಮೂರನೇ ಪ್ರಶ್ನೆ ಏನಾಗುತ್ತೆ?”

ಮೇಷ್ಟ್ರಿಗೆ ಆಗ ಹೊಳೆಯಿತು: ಹೇಳಿದವರು ಯಾರು ಅಂತ ಕೇಳುವುದನ್ನು ಕಲಿಸಿದ್ದರು, ಎಂಥಾ ಧಾಟಿಯಲ್ಲಿ ಹೇಳಿದರು ಅಂತ ಕೇಳುವುದನ್ನು ಕಲಿಸಿರಲಿಲ್ಲ. ಆದರೆ ಪಾಠ ತಿದ್ದುವ ಹೊತ್ತೇ ಇದು? ಅವರು ಹಿರಿಯರ ಮುಂದಿಡುವ ಕೋಲಾ ಕಾಯಿ ಕೊಂಡು ಸೀದಾ ಸಿಯಾಕಾ ತ್ರಾವೊರೆಯ ಮನೆಗೆ ಹೋದರು.

ಮುದುಕ ಚಾಪೆಯ ಮೇಲೆ ಕೂತು ಚಹಾ ಕುದಿಸುತ್ತಿದ್ದ. “ಬಾ ಅಳಿಯಾ, ಬಾ. ಹೊಟ್ಟೆ ಹೇಗಿದೆ? ಬೆಂಕಿಯಿಂದ ಸ್ವಲ್ಪ ದೂರ ಕೂತ್ಕೋ, ನನ್ನ ಮನೆ ಹಾರಿಹೋದೀತು.”

ಗೇಲಿಯ ನೆಂಟನ ಮೇಲೆ ಸಿಟ್ಟಾಗುವಂತಿಲ್ಲ. ಹೆಂಡತಿ ದೊಡ್ಡಪ್ಪ ಅನ್ನುವವರಿಗೆ ಎದುರಾಡುವಂತೆಯೂ ಇಲ್ಲ. ಹಲ್ಲು ಕಚ್ಚಿ ನಗುವುದು ಎಷ್ಟು ಕಷ್ಟ ಅಂತ ಮೇಷ್ಟ್ರಿಗೆ ಆಗ ತಿಳಿಯಿತು.

“ಮಾವಾ, ಅಪ್ಪನ ಹೆಸರು ಓದುಮನೆಗೆ ಬರಬೇಕು ಅಂತ ಆಸೆ. ಇವತ್ತು ಮಧ್ಯಾಹ್ನ ತೀರ್ಮಾನ. ನೀವು ಯಜಮಾನರ ಮುಂದೆ ಬಂದು ಒಂದೇ ಒಂದು ಒಳ್ಳೇ ಮಾತು ಹೇಳಿದ್ರೆ…”

“ಜಾರಾನ ಬಗ್ಗೆ ಒಳ್ಳೇ ಮಾತಾ? ನಾನಾ?” ಮುದುಕ ಕೆಟಲು ಕೆಳಗಿಟ್ಟ. “ನನ್ನ ಬಾಯಲ್ಲಿ ಹುಳ ಬೀಳಲ್ವಾ? ನಿಮ್ಮಪ್ಪ ಸತ್ತ ದಿನ ಹೆಣದ ಪಕ್ಕ ನಿಂತು, ‘ಏಳೋ ಸೋಮಾರಿ, ನನ್ನ ಅಲಸಂದೆ ಮೂಟೆ ಹಿಂದಕ್ಕೆ ಕೊಟ್ಟು ಹೋಗು’ ಅಂತ ಕೂಗಿದವನು ನಾನು. ಏಳಲಿಲ್ಲ ಅವನು. ಅವತ್ತೇ ನಂಗೆ ಗೊತ್ತಾಗಿದ್ದು, ನಿಜವಾಗ್ಲೂ ಹೋದ ಅಂತ.” ಸ್ವಲ್ಪ ಹೊತ್ತು ಕೆಂಡ ಕೆದಕಿದ. “ನಂಗೆ ಅಕ್ಷರ ಕಲಿಸಿದವನೂ ಅವನೇ. ಇಲ್ದಿದ್ರೆ ರೇಡಿಯೋದಲ್ಲಿ ಚೀಟಿ ಓದಿ ಇಷ್ಟು ಚೆನ್ನಾಗಿ ಅವನನ್ನ ಬೈಯೋಕೆ ಎಲ್ಲಿ ಬರ್ತಿತ್ತು?”

“ಅದನ್ನೇ ಹೇಳಿ ಮಾವಾ! ಅಷ್ಟೇ ಸಾಕು!”

“ನಿನ್ನ ಹತ್ರ ಹೇಳಿದ್ನಲ್ಲ. ಊರ ಮುಂದೆ ಹೇಳಲ್ಲ. ಚಹಾ ಕುಡಿ.”

ಮೂರು ಸುತ್ತು ಚಹಾ ಕುಡಿದು ಮೇಷ್ಟ್ರು ಬರಿಗೈಯಲ್ಲಿ ಎದ್ದರು.

ನಮಾಜ್ ಮುಗಿಯಿತು. ಯಜಮಾನರ ಅಂಗಳದಲ್ಲಿ ಕೇರಿಯ ಹಿರಿಯರೆಲ್ಲ ಚಾಪೆ ಹಾಸಿ ಕೂತರು. ಸಿಸೊಕೊ ಇಸ್ತ್ರಿ ಮಾಡಿದ ನೀಲಿ ನಿಲುವಂಗಿಯಲ್ಲಿ ಮುಂದೆ ಕೂತಿದ್ದ. ಮೇಷ್ಟ್ರು ಕಂಬದ ಹಿಂದೆ ಕೂತಿದ್ದರು. ಕೊರೊತುಮು ಹೆಂಗಸರ ಕಡೆ ಆರಾಮಾಗಿ ಕಾಲು ಚಾಚಿ ಕೂತಿದ್ದಳು.

ಯಜಮಾನರ ಮೊಮ್ಮಗಳು ಫೋನು ಹಿಡಿದು ಮೊದಲು ಸಿಸೊಕೊನ ಅಪ್ಪನದನ್ನು ಓದಿದಳು. ಜೆನೆಬಾಳ ಬಳಗ ಅದನ್ನೂ ಬಿಟ್ಟಿರಲಿಲ್ಲ; ಆಧಾರವಿಲ್ಲದ ಮಾತು ಕಂಡಲ್ಲೆಲ್ಲ ನಿಯಮದಂತೆ ಗುರುತು ಹಾಕಿತ್ತು. ಹುಡುಗಿ ಕಂಡದ್ದನ್ನೆಲ್ಲ ಓದಿದಳು.

“ಇವರು ಧರ್ಮಾತ್ಮರು, ಆಧಾರ ಬೇಕಾಗಿದೆ. ಮಹಾದಾನಿಗಳು, ಆಧಾರ ಬೇಕಾಗಿದೆ. ಜೀವನದಲ್ಲಿ ಒಂದು ಸುಳ್ಳೂ ಆಡಿದವರಲ್ಲ, ಆಧಾರ ಬೇಕಾಗಿದೆ. ಬಡವರ ಪಾಲಿನ ತಂದೆ, ಆಧಾರ ಬೇಕಾಗಿದೆ.”

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಿಸೊಕೊ ಕುತ್ತಿಗೆ ಉಜ್ಜಿಕೊಂಡ.

ಆಮೇಲೆ ತಿಯೆಮೊಕೊರ ಸರದಿ. ಮೇಷ್ಟ್ರು ಕಣ್ಣು ಮುಚ್ಚಿದರು. ‘ಆಳು’ ಅನ್ನುವಲ್ಲಿ ಯಾರೋ ಕಿಸಕ್ಕೆಂದರು. ಲಾರಿಯ ವಾಕ್ಯಕ್ಕೆ ಯಜಮಾನರು ಹೊಟ್ಟೆ ಹಿಡಿದುಕೊಂಡರು. ಮರದ ಕೆಳಗಿನ ಪಾಠಕ್ಕೆ ಬರುವಷ್ಟರಲ್ಲಿ ಅಂಗಳಕ್ಕೆ ಅಂಗಳವೇ ಉರುಳಾಡುತ್ತಿತ್ತು, ಗೋಡೆಯಾಚೆಯವರೂ ಇಣುಕಿದರು. ಮೇಷ್ಟ್ರ ಪ್ರಾಣ ಪಾತಾಳ ಸೇರಿತು. ಹೋಯಿತು, ಅಪ್ಪನ ಹೆಸರು ನಗೆಪಾಟಲಾಯಿತು, ಅದೂ ತಮ್ಮದೇ ನಿಯಮದಿಂದ.

ಆಗ ಹೆಂಗಸರ ಕಡೆಯಿಂದ ಮೀನು ಮಾರುವ ಮುದುಕಿಯೊಬ್ಬಳು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಎದ್ದಳು.

“ನಿಜ, ನಿಜ! ಅಲಸಂದೆ ತಿಂತಿದ್ದದ್ದು ನಿಜ! ಯಾಕೆ ಗೊತ್ತಾ? ನಮ್ಮ ಹತ್ರ ಕಾಸು ತಗೋತಿರಲಿಲ್ಲ. ಸುಮ್ನೆ ಕಲಿಯೋಕೆ ನಮಗೂ ನಾಚಿಕೆ. ಸಂತೆ ಮುಗಿದಾಗ ಉಳಿದಿರೋದು ಅಲಸಂದೆ ವಡೆ ಒಂದೇ. ಒಬ್ಬೊಬ್ಬರೂ ಒಂದೊಂದು ಕೊಡ್ತಿದ್ವಿ. ಬೇಡ ಅಂದ್ರೆ ಬೇಜಾರಾಗ್ತೀವಿ ಅಂತ ಅಷ್ಟನ್ನೂ ತಿನ್ನೋನು, ಪುಣ್ಯಾತ್ಮ!”

“ಹೌದು ಹೌದು, ನಾನೂ ಕೊಟ್ಟಿದ್ದೆ” ಅಂತ ಇನ್ನೊಬ್ಬಳು ಎದ್ದಳು. ಮತ್ತೊಬ್ಬಳು ತನ್ನ ಹೆಸರು ಬರೆಯಲು ಕಲಿತ ದಿನದ ಮಾತು ತೆಗೆದಳು. ನಗುತ್ತಿದ್ದವರೇ ಅಳುತ್ತಿದ್ದರು, ಅಳುತ್ತಿದ್ದವರೇ ನಗುತ್ತಿದ್ದರು. ಮೇಷ್ಟ್ರಿಗೆ ಈ ಸಂಗತಿ ಗೊತ್ತೇ ಇರಲಿಲ್ಲ. ಅಪ್ಪ ರಾತ್ರಿ ಊಟಕ್ಕೆ ಕೂತಾಗ ‘ಹಸಿವಿಲ್ಲ’ ಅಂತ ಬಟ್ಟಲನ್ನು ಮಕ್ಕಳ ಕಡೆ ತಳ್ಳುತ್ತಿದ್ದದ್ದು ನೆನಪಾಯಿತು.

ಯಜಮಾನರು ಕೈ ಎತ್ತಿದರು. “ಸಣ್ಣ ಮನುಷ್ಯನನ್ನ ಸತ್ತಮೇಲೆ ಯಾರೂ ಗೇಲಿ ಮಾಡಲ್ಲ, ಮರೆತುಬಿಡ್ತಾರೆ. ಒಬ್ಬ ತ್ರಾವೊರೆ ಇಷ್ಟು ವರ್ಷ ಆದಮೇಲೂ ಇಷ್ಟು ಬೈತಾನೆ ಅಂದ್ರೆ ಆ ಜಾರಾ ದೊಡ್ಡವನೇ. ಓದುಮನೆಗೆ ಅವನ ಹೆಸರೇ.”

ಮೇಷ್ಟ್ರು ಕಂಬವನ್ನು ತಬ್ಬಿಕೊಂಡು ಅತ್ತರು. ಮೂಲೆಯಲ್ಲಿದ್ದ ಸಿಯಾಕಾ, “ಅಯ್ಯೋ, ಆ ಕಂಬ ಬಿಡಿಸ್ರೋ, ಅಲಸಂದೆ ಕಾಯಿ ಅಂತ ತಿಳ್ಕೊಂಡಿದಾನೆ” ಎಂದು ಕೂಗಿದ.

ಇಲ್ಲಿಗೇ ಮುಗಿದಿದ್ದರೆ ಮಂಗಳ ಹಾಡಿಬಿಡಬಹುದಿತ್ತು. ಮುಂದಿನ ವಾರ ಬಾಗಿಲ ಮೇಲೆ ಫಲಕ ಏರಿತು. ಮೇಷ್ಟ್ರು ಹೊಸ ಬಟ್ಟೆ ತೊಟ್ಟು, ಹೆಂಡತಿ ಮಕ್ಕಳೊಂದಿಗೆ ಹೋಗಿ, ಪರದೆ ಸರಿದಾಗ ತಲೆ ಎತ್ತಿ ನೋಡಿದರು. ಹಸಿರು ಹಲಗೆಯ ಮೇಲೆ ದಪ್ಪ ಬಿಳಿ ಅಕ್ಷರದಲ್ಲಿ ಬರೆದಿತ್ತು: ‘ಅಲಸಂದೆ ತಿಯೆಮೊಕೊ ಓದುಮನೆ’.

“ಯಜಮಾನರೇ, ನಮ್ಮಪ್ಪನ ಹೆಸರು ತಿಯೆಮೊಕೊ ಜಾರಾ!”

“ಈ ಕೇರಿಲಿ ತಿಯೆಮೊಕೊ ಜಾರಾ ಅನ್ನೋರು ಎಷ್ಟು ಜನ ಇಲ್ಲ ಮೇಷ್ಟ್ರೇ? ಯಾವನೋ ಒಬ್ಬ ನಾಳೆ ಬಂದು ಇದು ನಮ್ಮಪ್ಪಂದು ಅಂದ್ರೆ? ಅಲಸಂದೆ ತಿಯೆಮೊಕೊ ಅಂದ್ರೆ ಒಬ್ಬನೇ.”

“ಹಾಗಂತ ಯಾರೂ ಅವರನ್ನ ಕರೀತಿರಲಿಲ್ಲ! ಯಾರು ಹೇಳಿದ್ದು ನಿಮಗೆ?”

ಯಜಮಾನರು ಅಚ್ಚರಿಯಿಂದ ನೋಡಿದರು. “ಏನ್ ಮೇಷ್ಟ್ರೇ ಹೀಗಂತೀರಿ? ವಿಶ್ವಕೋಶದಲ್ಲೇ ಇದೆಯಲ್ಲ!”

ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಜೆನೆಬಾ ಫಲಕದ ಫೋಟೋ ತೆಗೆದು ಓಡಿ ಬಂದಳು. ಮುಖ ಅರಳಿತ್ತು. “ಮೇಷ್ಟ್ರೇ, ಆ ಅಡ್ಡಹೆಸರಿಗೆ ಬರೀ ರೇಡಿಯೋ ಮಾತು ಸಾಲದು ಅಂತಲೇ ತಾನೇ ನೀವು ಅವತ್ತು ತೆಗಿ ಅಂದಿದ್ದು? ಈಗ ಕೇರಿಯ ಅಧಿಕೃತ ಫಲಕವೇ ಇದೆ! ಸೇರಿಸಿಬಿಟ್ಟೆ. ಇನ್ನು ಯಾರೂ ಅಳಿಸೋಕಾಗಲ್ಲ.”

ವಿಶ್ವಕೋಶಕ್ಕೆ ಫಲಕ ಆಧಾರ, ಫಲಕಕ್ಕೆ ವಿಶ್ವಕೋಶ ಆಧಾರ. ಇಂಥ ಸುತ್ತು ನಂಬಬಾರದು ಅನ್ನುವ ಪಾಠವನ್ನು ಮೇಷ್ಟ್ರು ಮುಂದಿನ ಗುರುವಾರಕ್ಕೆ ಅಂತ ಇಟ್ಟುಕೊಂಡಿದ್ದರು.

ಮಧ್ಯಾಹ್ನ ಮನೆಗೆ ಬಂದವರೇ ಅಂಗಳದಲ್ಲಿ ಕುಸಿದು ಕೂತರು. “ಇವತ್ತಿಂದ ಹಲಗೆ ಮೇಲೆ ನಾಲ್ಕನೇ ನಿಯಮ ಬರೀತೀನಿ. ಜಾರಾಗಳ ವಿಷಯದಲ್ಲಿ ತ್ರಾವೊರೆಗಳ ಮಾತನ್ನ ಯಾವ ಕಾಲಕ್ಕೂ ನಂಬಬಾರದು!”

ಕೊರೊತುಮು ಒಲೆಯಿಂದ ಪಾತ್ರೆ ಇಳಿಸುತ್ತಾ ಕೇಳಿದಳು. “ಹಾಗಂತ ಹೇಳಿದವರು ಯಾರು?”

“ನಾನು!”

“ನೀವು ಯಾರು? ಒಬ್ಬ ಜಾರಾ. ಎಲ್ಲಿ ಪ್ರಕಟ ಆಗಿದೆ? ನಮ್ಮ ಅಂಗಳದಲ್ಲಿ. ಹಾಗೆ ಹೇಳಿದ್ರೆ ನಿಮಗೇನು ಲಾಭ ಅಂತ ನಾನು ಬೇರೆ ಬಿಡಿಸಿ ಹೇಳಬೇಕಾ?”

ಅವಳು ಬಟ್ಟಲು ತಂದು ಮುಂದಿಟ್ಟು ಮುಚ್ಚಳ ತೆಗೆದಳು. ಬಿಸಿಬಿಸಿ ಅಲಸಂದೆ.

“ಉಪ್ಪು ಸರಿಯಾಗಿದೆ” ಅಂದಳು.

ಮೇಷ್ಟ್ರು ಬಾಯಿ ತೆರೆದರು. ಏನೋ ಕೇಳಬೇಕು ಅಂತ ತೆರೆದದ್ದೇ. ಆಮೇಲೆ ಮನಸ್ಸು ಬದಲಾಯಿಸಿ ಅಲಸಂದೆ ಹಾಕಿಕೊಂಡರು. ಉಪ್ಪೇ ಇರಲಿಲ್ಲ. ಪೂರ್ತಿ ತಿಂದರು.